ಕೊಡಚಾದ್ರಿ

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಉಡುಪಿ ಜಿಲ್ಲೆಯ ಗಡಿಗೆ ಒತ್ತಿಕೊಂಡಿರುವ ಸಹ್ಯಾದ್ರಿಯ ಶಿಖರ. ಸಮುದ್ರಮಟ್ಟದಿಂದ ಎತ್ತರ 1,343 ಮೀ. ಶಿವಮೊಗ್ಗ ನಗರದಿಂದ ರಸ್ತೆಯಲ್ಲಿ ಸುಮಾರು 110 ಕಿ.ಮೀ. ದೂರ. ನಿತ್ಯಹರಿದ್ವರ್ಣ ಕಾಡು, ನೆತ್ತಿಯ ಹುಲ್ಲುಗಾವಲು, ಅದರ ಮಡಿಲಿನ ಶೋಲಾ ತೋಪುಗಳು, ಸೌಪರ್ಣಿಕಾ ನದಿಯ ಮೂಲ, ಸಿಂಗಳೀಕದ ನೆಲೆ, ಮೂಲ ಮೂಕಾಂಬಿಕೆಯ ಗುಡಿ ಮತ್ತು ಸರ್ವಜ್ಞಪೀಠ ಇವು ಈ ಬೆಟ್ಟದ ಹೆಸರಿನೊಂದಿಗೆ ಕೂಡಿಕೊಂಡಿವೆ. ಎತ್ತರದಲ್ಲಿ ಇದು ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ (1,930 ಮೀ.) ಸಮವಲ್ಲ. ಆದರೆ ಕಡಲಿನಿಂದ ಕೇವಲ 25–30 ಕಿ.ಮೀ. ಒಳಗೆ, ತಗ್ಗಿನ ಕರಾವಳಿಯಿಂದ ಒಮ್ಮೆಲೇ ಎದ್ದಿರುವುದರಿಂದ ಮಳೆಗಾಳಿಯನ್ನು ಮೊದಲು ಎದುರಿಸುವ ಗೋಡೆಗಳಲ್ಲಿ ಇದೂ ಒಂದಾಗಿದೆ. ಬೆಟ್ಟದ ಮಣ್ಣು, ಮರ, ಪ್ರಾಣಿ ಎಲ್ಲವೂ ಆ ಮಳೆಯನ್ನು ನೆಚ್ಚಿಕೊಂಡು ರೂಪುಗೊಂಡಿವೆ.

ನೆಲೆ ಮತ್ತು ಹೆಸರು

ಶಿಖರವು ಸುಮಾರು 13.86° ಉತ್ತರ ಅಕ್ಷಾಂಶ, 74.87° ಪೂರ್ವ ರೇಖಾಂಶದಲ್ಲಿದೆ. ಪಶ್ಚಿಮದ ಬುಡದಲ್ಲಿ ಕೊಲ್ಲೂರು, ಪೂರ್ವದಲ್ಲಿ ನಿಟ್ಟೂರು, ಸಂಪೆಕಟ್ಟೆ, ಕಟ್ಟಿನಹೊಳೆ. ಅದರಾಚೆ ಕೆಳದಿ ನಾಯಕರ ರಾಜಧಾನಿಯಾಗಿದ್ದ ಬಿದನೂರು, ಅಂದರೆ ಇಂದಿನ ನಗರ. ಕೊಲ್ಲೂರಿಗೂ ನಿಟ್ಟೂರಿಗೂ ನಡುವೆ ನಾಗೋಡಿ ಘಾಟಿ ಇದೆ. ಬಾನು ತಿಳಿಯಾದ ದಿನ ನೆತ್ತಿಯ ಮೇಲೆ ನಿಂತರೆ ಒಂದು ಬದಿಗೆ ಅರಬ್ಬೀ ಸಮುದ್ರದ ಹೊಳಪು, ಇನ್ನೊಂದು ಬದಿಗೆ ಲಿಂಗನಮಕ್ಕಿ ಹಿನ್ನೀರಿನ ದ್ವೀಪಗಳು ಕಾಣುತ್ತವೆ.

ಹೆಸರಿನ ಮೂಲ 'ಕುಟಜ' ಎಂಬ ಗಿಡ. ಕನ್ನಡದಲ್ಲಿ ಇದನ್ನು ಕೊಡಸಿಗ ಎನ್ನುತ್ತಾರೆ. ಬಿಳಿ ಹೂವಿನ ಸಣ್ಣ ಮರವಾದ ಇದರ ತೊಗಟೆ ಆಮಶಂಕೆಗೆ ಹಳ್ಳಿಮದ್ದು. ಕುಟಜ ಬೆಳೆಯುವ ಅದ್ರಿ ಕುಟಜಾದ್ರಿಯಾಗಿ, ಆಡುಮಾತಿನಲ್ಲಿ ಕೊಡಚಾದ್ರಿಯಾಯಿತು. ಕೊಲ್ಲೂರಿಗೆ ದೊಡ್ಡ ಸಂಖ್ಯೆಯಲ್ಲಿ ಬರುವ ಕೇರಳದ ಯಾತ್ರಿಕರು ಇಂದಿಗೂ ಕುಡಜಾದ್ರಿ ಎಂದೇ ಕರೆಯುತ್ತಾರೆ.

ಶಿಲೆ ಮತ್ತು ಭೂರೂಪ

ಕೊಡಚಾದ್ರಿಯ ಬಂಡೆಗಳು ಧಾರವಾಡ ಶಿಲಾವರ್ಗಕ್ಕೆ ಸೇರಿದವು. 250 ಕೋಟಿ ವರ್ಷಗಳಿಗಿಂತ ಹಳೆಯವು. ಬಾಬಾಬುಡನ್, ಕುದುರೆಮುಖ, ಆಗುಂಬೆ ಸೀಮೆಗಳಲ್ಲಿ ಹರಡಿರುವ ಶಿಲಾಸಾಲಿನ ಮುಂದುವರಿಕೆ ಇಲ್ಲಿದೆ. ರೂಪಾಂತರಗೊಂಡ ಲಾವಾಶಿಲೆಗಳ ಜೊತೆಗೆ ಕಬ್ಬಿಣದ ಅದಿರಿನ ಪಟ್ಟಿಗಳಿರುವುದು ಈ ಸಾಲಿನ ಗುರುತು. ಬಂಡೆ ಇಷ್ಟು ಪುರಾತನವಾದರೂ ಬೆಟ್ಟದ ಇಂದಿನ ನಿಲುವು ಅಷ್ಟು ಹಳೆಯದಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗ ಭಾರತದಿಂದ ಬೇರೆಯಾದ ಮೇಲೆ ಪಡುವಣ ಅಂಚು ಕಡಿದಾದ ಗೋಡೆಯಾಗಿ ಉಳಿಯಿತು. ಮಳೆ, ಹೊಳೆಗಳು ಅದನ್ನು ಕೊರೆದು ಈಗಿನ ಕಣಿವೆ, ಕೋಡುಗಲ್ಲುಗಳನ್ನು ಮಾಡಿದವು.

ಇದರಿಂದಾಗಿ ಬೆಟ್ಟದ ಎರಡು ಮೈಗಳಿಗೆ ಎರಡು ಬಗೆಯ ಇಳಿಜಾರುಗಳಿವೆ. ಪಶ್ಚಿಮದ ಮೈ ಪ್ರಪಾತ. ಸಾವಿರ ಮೀಟರಿಗೂ ಮಿಕ್ಕಿದ ಇಳಿತ ಕೆಲವೇ ಕಿಲೊಮೀಟರುಗಳಲ್ಲಿ ಮುಗಿಯುತ್ತದೆ. ಪೂರ್ವದ ಮೈ ಮೆಲ್ಲಗೆ ಮಲೆನಾಡಿನ ಗುಡ್ಡಸಾಲು, ಅಡಕೆ ತೋಟ, ಗದ್ದೆಬಯಲುಗಳಿಗೆ ಇಳಿಯುತ್ತದೆ. ಸತತ ಮಳೆ ಮಣ್ಣಿನ ಇತರ ಲವಣಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯೂಮಿನಿಯಂ ಅಂಶಗಳನ್ನು ಉಳಿಸಿದ್ದರಿಂದ ಹಲವೆಡೆ ಕೆಂಪು ಜಂಬಿಟ್ಟಿಗೆ ನೆಲವಿದೆ.

ಇದೇ ಶಿಲಾಸಾಲಿನ ಕಬ್ಬಿಣ ಜಿಲ್ಲೆಯ ಬದುಕನ್ನೇ ತಿದ್ದಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದದ್ದು ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕುಲುಮೆ ಉರಿದದ್ದು ಮಲೆನಾಡಿನ ಮರಗಳ ಇದ್ದಿಲಿನಿಂದ. ಕುದುರೆಮುಖದಲ್ಲಿ ದಶಕಗಳ ಕಾಲ ನಡೆದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಕೊಡಚಾದ್ರಿಯ ನೆತ್ತಿಗೆ ಅಂಥ ದೊಡ್ಡ ಗಣಿ ತಗಲದೆ ಉಳಿದದ್ದು ಈ ಸೀಮೆಯ ಪುಣ್ಯ.

ಮಳೆ, ಮಂಜು, ಗಾಳಿ

ಜೂನ್ ಮೊದಲಲ್ಲಿ ಕಡಲಿನಿಂದ ಬರುವ ನೈರುತ್ಯ ಮಾರುತ ಈ ಗೋಡೆಗೆ ತಾಗಿ ಮೇಲೇರುತ್ತದೆ. ಮೇಲೇರಿದಂತೆ ತಣಿದು, ಹೊತ್ತು ತಂದ ಆವಿಯನ್ನು ಮಳೆಯಾಗಿ ಇಳಿಸುತ್ತದೆ. ಇದೇ ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆಗಳೂ ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೂ ರಾಜ್ಯದ ಅತಿ ಹೆಚ್ಚು ಮಳೆಯ ತಾಣಗಳಲ್ಲಿ ಸೇರಿವೆ. ಘಟ್ಟದ ಈ ಭಾಗದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮೀರಿ ಮಳೆಯಾಗುವುದು ಸಾಮಾನ್ಯ. ಗಾಳಿ ಗೋಡೆ ದಾಟಿ ಪೂರ್ವಕ್ಕೆ ಇಳಿದಂತೆ ಒಣಗುತ್ತದೆ. ನೇರ ಗೆರೆ ಎಳೆದರೆ ಕೊಡಚಾದ್ರಿಯಿಂದ ಸುಮಾರು 75 ಕಿ.ಮೀ. ದೂರದ ಶಿವಮೊಗ್ಗ ನಗರದಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸು ಮಾತ್ರ. ಜುಲೈಯಲ್ಲಿ ಶಿವಮೊಗ್ಗದ ವಿನೋಬನಗರದ ಅಂಗಳದಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕಾದರೆ, ಅದೇ ಹೊತ್ತಿಗೆ ನಿಟ್ಟೂರಿನ ಮನೆಗಳಲ್ಲಿ ಬಟ್ಟೆಯನ್ನು ಒಲೆಯ ಬಿಸಿಗೆ ಹಿಡಿದೇ ಒಣಗಿಸಬೇಕು.

ಮಳೆಗಾಲ ಮುಗಿದ ಮೇಲೂ ನೆತ್ತಿಗೆ ಮಂಜು ಬರುತ್ತಲೇ ಇರುತ್ತದೆ. ಕಡಲ ಕಡೆಯಿಂದ ಎದ್ದ ಮೋಡ ಪ್ರಪಾತದ ಅಂಚಿನಲ್ಲಿ ಒಂದು ಗಳಿಗೆ ನಿಂತು, ಹುಲ್ಲಿನ ಮೇಲೆ ಉರುಳಿ, ಸರ್ವಜ್ಞಪೀಠದ ಕಲ್ಲುಗುಡಿಯನ್ನು ನುಂಗುತ್ತದೆ. ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುವುದಿಲ್ಲ, ಮಾತು ಮಾತ್ರ ಕೇಳುತ್ತದೆ. ಗಳಿಗೆ ಕಳೆದರೆ ಬಿಸಿಲು. ಗುಡಿಯ ಕಲ್ಲಿನ ಹಾವಸೆಯಿಂದ ಆಗ ನೀರು ತೊಟ್ಟಿಕ್ಕುತ್ತಿರುತ್ತದೆ, ಮಳೆ ಬಿದ್ದಿರುವುದಿಲ್ಲ. ಮಂಜಿನಿಂದ ಹೀಗೆ ಇಳಿದ ನೀರು ಒಣ ತಿಂಗಳುಗಳಲ್ಲಿಯೂ ನೆತ್ತಿಯ ಹಸಿರನ್ನು ಸಲಹುತ್ತದೆ.

ಹೊಳೆಗಳು

ಸರ್ವಜ್ಞಪೀಠದಿಂದ ಪಶ್ಚಿಮಕ್ಕೆ ಕಡಿದಾದ ಕಾಲುದಾರಿಯಲ್ಲಿ ಇಳಿದರೆ ಚಿತ್ರಮೂಲ ಎಂಬ ಗುಹೆ ಸಿಗುತ್ತದೆ. ಕೋಲ ಮಹರ್ಷಿ ತಪಸ್ಸು ಮಾಡಿದ ಸ್ಥಳವೆಂದು ಪ್ರತೀತಿ. ಅಲ್ಲಿ ಬಂಡೆಯ ಸೆರೆಯಿಂದ ಜಿನುಗುವ ನೀರನ್ನು ಸೌಪರ್ಣಿಕೆಯ ಹುಟ್ಟೆಂದು ಎಣಿಸುತ್ತಾರೆ. ಕೊಲ್ಲೂರನ್ನು ಹಾದು ಹೋಗುವ ಈ ನದಿ ಮರವಂತೆಯಲ್ಲಿ ಕಡಲಿನ ತೀರಕ್ಕೆ ಬಂದರೂ ಕಡಲಿಗೆ ಬೀಳದೆ ತಿರುಗುತ್ತದೆ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ನದಿ ಇರುವ ಆ ತಾಣ ನಾಡಿಗೆಲ್ಲ ಪರಿಚಿತ. ಬಳಿಕ ಚಕ್ರಾ, ವಾರಾಹಿ, ಕುಬ್ಜಾ, ಕೇದಕ ನದಿಗಳೊಂದಿಗೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಪಡುವಣ ಮೈಯಲ್ಲಿ ಅರಸಿನಗುಂಡಿ, ಬೆಳ್ಕಲ್ ತೀರ್ಥ ಜಲಪಾತಗಳಿವೆ. ನಿಟ್ಟೂರು ಕಡೆಯಿಂದ ಹತ್ತುವ ಕಾಲುದಾರಿಯಲ್ಲಿ ಹಿಡ್ಲುಮನೆ ಜಲಪಾತವಿದೆ.

ಪೂರ್ವದ ಮೈಯ ನೀರು ನಾಗೋಡಿ ಹೊಳೆ ಮತ್ತು ಸಣ್ಣ ಹಳ್ಳಗಳಲ್ಲಿ ಹರಿದು ಶರಾವತಿಗೆ, ಅಂದರೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಜಲಾಶಯಕ್ಕೆ ಹೋಗುತ್ತದೆ. ಶರಾವತಿಯೂ ಕೊನೆಗೆ ಪಶ್ಚಿಮಕ್ಕೇ ತಿರುಗಿ ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುವುದರಿಂದ, ಕೊಡಚಾದ್ರಿಯ ಎರಡೂ ಮೈಗಳ ನೀರು ಸೇರುವುದು ಒಂದೇ ಕಡಲನ್ನು. ಒಂದು ನೆಟ್ಟಗೆ ಇಳಿಯುತ್ತದೆ. ಇನ್ನೊಂದು ಬಳಸಿ ನಡೆದು, ಜೋಗದ ಸೀಮೆಯಲ್ಲಿ ಟರ್ಬೈನು ತಿರುಗಿಸಿ ಇಳಿಯುತ್ತದೆ. ದಕ್ಷಿಣದ ಚಕ್ರಾ, ಸಾವೆಹಕ್ಲು ಅಣೆಕಟ್ಟುಗಳು ಪಶ್ಚಿಮಕ್ಕೆ ಇಳಿಯಬೇಕಿದ್ದ ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಿವೆ. ಶಿವಮೊಗ್ಗ ನಗರ ಕುಡಿಯುವುದು ತುಂಗೆಯ ನೀರನ್ನು. ಕೊಡಚಾದ್ರಿಯ ನೀರು ಅಲ್ಲಿಗೆ ತಲುಪುವುದು ನಲ್ಲಿಯಲ್ಲಲ್ಲ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಬೆಳಕಿನಲ್ಲಿ.

ಸಸ್ಯವರ್ಗ

ಬುಡದಿಂದ ನೆತ್ತಿಯವರೆಗೆ ಕಾಡು ಮೂರು ರೂಪ ತಳೆಯುತ್ತದೆ. ಕೆಳಗಿನ ಕಣಿವೆಗಳಲ್ಲಿ ಬಾನೆತ್ತರದ ನಿತ್ಯಹರಿದ್ವರ್ಣ ಕಾಡು. ಧೂಪ, ಹೆಬ್ಬಲಸು, ನಾಗಸಂಪಿಗೆ, ಬಲಿಗೆ, ರಾಮಪತ್ರೆ ಮೇಲ್ಚಾವಣಿಯ ಮರಗಳು. ಅವುಗಳ ನೆರಳಿನಲ್ಲಿ ಮುರುಗಲು, ಉಪ್ಪಾಗೆ, ಕಾಡು ದಾಲ್ಚಿನ್ನಿ, ಬೈನೆ. ನೆಲದ ಹಂತದಲ್ಲಿ ವಾಟೆ, ಬೆತ್ತ, ಗುರುಗಿ, ಜರಿಗಿಡಗಳು. ಮರದ ಕೊಂಬೆಗಳಲ್ಲಿ ಆರ್ಕಿಡ್‌ಗಳು. ಮುಂಗಾರಿನ ಹೊಸ್ತಿಲಲ್ಲಿ ತಿಳಿನೇರಳೆ ಗೊಂಚಲು ಇಳಿಬಿಡುವ ಸೀತಾಳೆ ದಂಡೆಯನ್ನು ಮಲೆನಾಡಿನ ಹೆಂಗಸರು ಮುಡಿಯಲು ತರುತ್ತಿದ್ದರು.

ಮೇಲೇರಿದಂತೆ ಮಣ್ಣು ತೆಳುವಾಗಿ ಗಾಳಿ ಬಿರುಸಾಗುತ್ತದೆ, ಮರಗಳು ಗಿಡ್ಡವಾಗುತ್ತವೆ. ಕಾಂಡ ತಿರುಚಿಕೊಂಡು, ನೆತ್ತಿ ಗಾಳಿಯ ದಿಕ್ಕಿಗೆ ಬಾಗಿ, ಕೊಂಬೆಯುದ್ದಕ್ಕೂ ಹಾವಸೆ ಹೊದ್ದಿರುತ್ತವೆ. ಇವೇ ಶೋಲಾ ತೋಪುಗಳು. ಗಾಳಿಯ ಮರೆಯಿರುವ, ನೀರು ನಿಲ್ಲುವ ಮಡಿಕೆಗಳಲ್ಲಿ ಮಾತ್ರ ಇವು ಉಳಿಯುತ್ತವೆ. ಉಳಿದ ಬೋಳು ಬೆನ್ನೆಲ್ಲ ಹುಲ್ಲು.

ಈ ಹುಲ್ಲುಗಾವಲನ್ನು ಬರಡೆಂದು ಬಗೆಯುವುದು ದೊಡ್ಡ ತಪ್ಪು. ಮಳೆಗಾಲದ ಕೊನೆಗೆ ಇಲ್ಲಿ ಕರ್ಣಕುಂಡಲದ ಜಾತಿಯ ಗಿಡಗಳು, ನೆಲದ ಆರ್ಕಿಡ್‌ಗಳು ಹೂಬಿಡುತ್ತವೆ. ನೀರು ಜಿನುಗುವ ಜಂಬಿಟ್ಟಿಗೆ ಹಾಸಿನಲ್ಲಿ ಕೀಟ ಹಿಡಿಯುವ ಸಣ್ಣ ಸಸ್ಯಗಳಿಗೂ ಜಾಗವುಂಟು. ಹುಲ್ಲಿನ ದಟ್ಟ ಬೇರುಜಾಲ ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಶೋಲಾದ ತರಗೆಲೆಯ ಹಾಸು ನೀರನ್ನು ಹೀರಿ ಮೆಲ್ಲಗೆ ಬಿಡುತ್ತದೆ. ಫೆಬ್ರುವರಿಯಲ್ಲಿ ಘಟ್ಟದ ಕೆಳಗಿನ ಹಳ್ಳದಲ್ಲಿ ನೀರು ಹರಿಯುತ್ತಿದ್ದರೆ ಅದು ಜುಲೈಯಲ್ಲಿ ಈ ಹಾಸು ಕುಡಿದಿಟ್ಟುಕೊಂಡ ನೀರು. ಹುಲ್ಲಿನ ಜಾಗದಲ್ಲಿ ಅಕೇಶಿಯದಂಥ ಮರ ನೆಟ್ಟು 'ಕಾಡು ಬೆಳೆಸಿದೆವು' ಎಂದುಕೊಂಡ ಕಡೆಗಳಲ್ಲಿ ಈ ಏರ್ಪಾಡು ಕೆಟ್ಟಿರುವುದನ್ನು ಮಲೆನಾಡು ಕಂಡಿದೆ.

ಪ್ರಾಣಿವರ್ಗ

ಇಲ್ಲಿನ ಕಾಡಿಗೆ ಹೆಸರು ತಂದ ಪ್ರಾಣಿ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ನೈಸರ್ಗಿಕ ನೆಲೆಯಿಲ್ಲದ, ಅಳಿವಿನಂಚಿನ ಕೋತಿಜಾತಿ ಇದು. ಕಪ್ಪು ಮೈ, ಮುಖದ ಸುತ್ತ ಬೂದುಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದಂಥ ಕುಚ್ಚು. ಇದರ ಹರವು ಕೇರಳ, ತಮಿಳುನಾಡಿನ ಬೆಟ್ಟಗಳಿಂದ ಹೊರಟು ಕೊಡಚಾದ್ರಿ, ಶರಾವತಿ ಕಣಿವೆಗಳನ್ನು ಹಾದು ಉತ್ತರ ಕನ್ನಡದಲ್ಲಿ ಮುಗಿಯುತ್ತದೆ. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೇ ಸಾಗುತ್ತದೆ. ಆದ್ದರಿಂದ ಮೇಲ್ಚಾವಣಿ ಎಡೆಬಿಡದೆ ಕೂಡಿಕೊಂಡಿರಬೇಕು. ರಸ್ತೆಗೋ ತಂತಿಗೋ ಮರ ಕಡಿದು ಒಂದು ಸಾಲು ತೆರವಾದರೂ ಅದರ ಪಾಲಿಗೆ ಊರು ಎರಡಾದಂತೆ.

ಮಳೆಗಾಲದ ಮೊದಲ ತಿಂಗಳುಗಳಲ್ಲಿ ಉಪ್ಪಾಗೆ ಹಣ್ಣಾಗುತ್ತದೆ. ಅಂಗೈಯಗಲದ, ಸೀಳುಗೆರೆಗಳ ಹಳದಿ ಹಣ್ಣು. ಸಿಂಗಳೀಕದ ಹಿಂಡು ಮರವೇರಿ ಹಣ್ಣನ್ನು ಸೀಳಿ ಒಳಗಿನ ತಿರುಳನ್ನು ಬಾಯಿಗಿಟ್ಟುಕೊಳ್ಳುತ್ತದೆ, ದಪ್ಪ ಸಿಪ್ಪೆ ಕೆಳಗೆ ಬೀಳುತ್ತದೆ. ಮನುಷ್ಯನಿಗೆ ಬೇಕಾದದ್ದು ಆ ಸಿಪ್ಪೆಯೇ. ಒಣಗಿಸಿ ಹುಳಿಗೆ ಬಳಸುವ, ಔಷಧೋದ್ಯಮಕ್ಕೆ ಮಾರುವ ಸಿಪ್ಪೆ ಅದು. ಹಣ್ಣಾಗುವ ಮೊದಲೇ ಕಾಯಿ ಕಿತ್ತರೆ, ಕೊಂಬೆ ಕಡಿದರೆ ಪ್ರಾಣಿ ಹಸಿಯುತ್ತದೆ, ಮರ ಸೊರಗುತ್ತದೆ. ಬಿದ್ದ ಸಿಪ್ಪೆ ಆಯ್ದರೆ ಇಬ್ಬರಿಗೂ ಪಾಲುಂಟು. ಇದನ್ನರಿತು ಕೊಯ್ಲು ಮಾಡುವ ಕುಟುಂಬಗಳು ಮಲೆನಾಡಿನಲ್ಲಿವೆ.

ದೊಡ್ಡ ಸಸ್ತನಿಗಳಲ್ಲಿ ಕಾಟಿ, ಕಡವೆ, ಕಾಡುಹಂದಿ, ಚಿರತೆ, ಕರಡಿ, ಸೀಳುನಾಯಿಗಳಿವೆ. ಹುಲಿಯ ಓಡಾಟವೂ ಈ ಕಾಡುಸಾಲಿಗೆ ಸೇರಿದ್ದು. ಕಾಡುಕುರಿಯೂ ಇದೆ. ಮೊಲದಷ್ಟೇ ಗಾತ್ರದ ಬರ್ಕ, ಮುಳ್ಳುಹಂದಿ, ಚಿಪ್ಪುಹಂದಿ, ಪುನುಗು ರಾತ್ರಿಯ ಸಂಚಾರಿಗಳು. ಮೇಲ್ಚಾವಣಿಯಲ್ಲಿ ಕೆಂಜಳಿಲು, ಹಾರುವ ಅಳಿಲು, ಮುಸುವ. ಮುಸುವ ಮತ್ತು ಸಾಮಾನ್ಯ ಕೋತಿಗಳ ಸಾವು ಮಲೆನಾಡಿಗರಿಗೆ ಎಚ್ಚರಿಕೆಯ ಗಂಟೆಯೂ ಹೌದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುತ್ತದೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು.

ಹಕ್ಕಿಗಳಲ್ಲಿ ಮಂಗಟ್ಟೆಗಳದು ಮುಖ್ಯ ಪಾತ್ರ. ದೊಡ್ಡ ಹಣ್ಣುಗಳನ್ನು ನುಂಗಿ ಬೀಜವನ್ನು ದೂರಕ್ಕೆ ಒಯ್ಯುವ ಇವು ಕಾಡಿನ ತೋಟಗಾರರು. ಗೂಡಿಗೆ ಹಳೆಯ ಮರದ ಪೊಟರೆಯೇ ಬೇಕು; ಹೆಣ್ಣು ಒಳಗೆ ಕುಳಿತು ಪೊಟರೆಯ ಬಾಯಿಯನ್ನು ಸಂದಿಯಷ್ಟೇ ಬಿಟ್ಟು ಮುಚ್ಚಿಕೊಳ್ಳುತ್ತದೆ, ಗಂಡು ವಾರಗಟ್ಟಲೆ ಆಹಾರ ತಂದು ಕೊಡುತ್ತದೆ. ಕಾಕರಣೆ, ಕಾಮಳ್ಳಿ, ಪಿಕಳಾರಗಳೂ ಇಲ್ಲಿವೆ. ಹಳ್ಳದ ಬಂಡೆಯ ಬಳಿ ಬೆಳಗಿನ ಜಾವ ಹುಡುಗನೊಬ್ಬ ತೋಚಿದಂತೆ ಶಿಳ್ಳೆ ಹಾಕುತ್ತಿರುವಂತೆ ಕೇಳಿದರೆ ಅದು ಮಲಬಾರ್ ಸಿಳ್ಳಾರ.

ಸರೀಸೃಪಗಳಲ್ಲಿ ಕಾಳಿಂಗ ಸರ್ಪ, ಗುಳಿಮಂಡಲ, ಹಾರುವ ಓತಿ ಗಮನಾರ್ಹ. ಪಕ್ಕೆಲುಬುಗಳ ಆಧಾರದ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುವ ಈ ಓತಿಯನ್ನು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಕನ್ನಡಿಗರೆಲ್ಲರ ಮನೆಮಾತಾಗಿಸಿತು. ಕಪ್ಪೆಗಳ ಲೋಕ ಇನ್ನೂ ಬೆರಗಿನದು. 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಶರಾವತಿ ಸೀಮೆಯ ತೊರೆಗಳ ಒಂದು ಇರುಳುಗಪ್ಪೆಯನ್ನು ಹೊಸ ಪ್ರಭೇದವೆಂದು ವಿವರಿಸಿ ಅದಕ್ಕೆ 'ಕುಂಬಾರ' ಎಂದೇ ಹೆಸರಿಟ್ಟರು. ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ತೊರೆಯ ತಳದ ಮಣ್ಣನ್ನು ಮುಂಗೈಗಳಲ್ಲಿ ಬಾಚಿ, ಹಿಂಗಾಲ ಮೇಲೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ತೊರೆ ಬತ್ತಿದರೆ ಈ ಕುಂಬಾರಿಕೆಗೆ ಹಸಿಮಣ್ಣೇ ಇರುವುದಿಲ್ಲ.

ಮಳೆಗಾಲದಲ್ಲಿ ಬೆಟ್ಟ ಹತ್ತುವವರಿಗೆ ಎಲ್ಲಕ್ಕಿಂತ ಮೊದಲು ಸಿಗುವ ಪ್ರಾಣಿ ಉಂಬಳ. ಅದನ್ನು ಬಿಡಿಸಲು ಸುಣ್ಣ, ಹೊಗೆಸೊಪ್ಪು, ಉಪ್ಪು ಊರವರ ಉಪಾಯಗಳು. ತರಗೆಲೆಯ ಹಸಿತನವಿಲ್ಲದೆ ಅದು ಬದುಕಲಾರದು. ಉಂಬಳವಿರುವ ದಾರಿ ಎಂದರೆ ನೆಲದಲ್ಲಿ ಇನ್ನೂ ತೇವ ಉಳಿದಿದೆ ಎಂದರ್ಥ.

ಜನ, ನಂಬಿಕೆ, ಇತಿಹಾಸ

ನೆತ್ತಿಗಿಂತ ಸ್ವಲ್ಪ ಕೆಳಗೆ ಮೂಲ ಮೂಕಾಂಬಿಕೆಯ ಗುಡಿ, ಹುಲಿದೇವರ ಗುಡಿ, ಅರ್ಚಕರ ಮನೆಗಳಿವೆ. 'ಭಟ್ಟರ ಮನೆ' ಎಂದೇ ಹೆಸರಾದ ಇಲ್ಲಿ ಹತ್ತಿ ಬಂದವರಿಗೆ ಊಟ, ತಂಗಲು ಜಾಗ ಸಿಗುತ್ತಿದ್ದ ರೂಢಿ ಹಳೆಯದು. ಅಲ್ಲಿಂದ ನೆತ್ತಿಗೆ ನಡಿಗೆ. ತುದಿಯಲ್ಲಿ ಕಲ್ಲಿನ ಪುಟ್ಟ ಗುಡಿಯಾದ ಸರ್ವಜ್ಞಪೀಠ. ಆದಿ ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿ, ದೇವಿಯನ್ನು ಒಲಿಸಿ ಕೊಲ್ಲೂರಿಗೆ ಕರೆತಂದರೆಂಬುದು ಪ್ರತೀತಿ.

ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವಿದೆ. ಇಷ್ಟು ಮಳೆ ಸುರಿಯುವ ಜಾಗದಲ್ಲಿ ತೆರೆದ ಬಾನಡಿ ನಿಂತರೂ ಅದು ತುಕ್ಕಿಗೆ ಸೋತಿಲ್ಲ. ಲೋಹವಿಜ್ಞಾನಿ ಟಿ. ಆರ್. ಅನಂತರಾಮನ್ 1999ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದು ವಿದ್ವಾಂಸರ ಗಮನ ಸೆಳೆದರು. ಭದ್ರಾವತಿಯ ಕುಲುಮೆಗೂ ಬಹು ಹಿಂದೆ ಈ ಸೀಮೆಯಲ್ಲಿ ಕಬ್ಬಿಣದ ಕಸುಬು ಬಲ್ಲವರಿದ್ದರೆಂಬುದನ್ನು ಈ ಕಂಬ ನೆನಪಿಸುತ್ತದೆ. ಬೆಟ್ಟದ ಮಗ್ಗುಲಿನ ಬಿದನೂರು 1763ರಲ್ಲಿ ಹೈದರ್ ಅಲಿಯ ವಶವಾಗುವವರೆಗೂ ಕೆಳದಿ ಅರಸರ ರಾಜಧಾನಿ. ಘಟ್ಟದ ಮೇಲಿನ ಮೆಣಸು, ಅಕ್ಕಿ ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದುದು ಈ ಸೀಮೆಯ ಘಾಟಿಗಳಲ್ಲಿ.

ರಕ್ಷಣೆ ಮತ್ತು ಆತಂಕ

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ನಡುವೆ ಇದೆ. 1974ರಲ್ಲಿ 247 ಚ.ಕಿ.ಮೀ. ಇದ್ದ ಧಾಮ 2011ರಲ್ಲಿ ಸುಮಾರು 370 ಚ.ಕಿ.ಮೀ.ಗೆ ವಿಸ್ತರಿಸಿತು, ಆಡಳಿತ ಕಾರ್ಕಳದ ಕುದುರೆಮುಖ ವನ್ಯಜೀವಿ ವಿಭಾಗದ್ದು. ದಕ್ಷಿಣದಲ್ಲಿ ಸೋಮೇಶ್ವರ, ಉತ್ತರದಲ್ಲಿ ಶರಾವತಿ ಕಣಿವೆ ಧಾಮಗಳಿವೆ. ಶರಾವತಿ ಕಣಿವೆಯನ್ನು 2019ರಲ್ಲಿ ಸಿಂಗಳೀಕ ಅಭಯಾರಣ್ಯವಾಗಿ ಸುಮಾರು 930 ಚ.ಕಿ.ಮೀ.ಗೆ ಹಿಗ್ಗಿಸಲಾಗಿದೆ. ಈ ಎರಡರ ನಡುವಿನ ಕೊಂಡಿ ಮೂಕಾಂಬಿಕಾ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖ, ಸೋಮೇಶ್ವರ, ಆಗುಂಬೆ ಅದರಲ್ಲಿದ್ದವು, ಕೊಡಚಾದ್ರಿ ಹೊರಗುಳಿಯಿತು. ರಾಜ್ಯ ಸರ್ಕಾರ ಇದನ್ನು ನೈಸರ್ಗಿಕ ಪರಂಪರೆಯ ತಾಣವೆಂದು ಗುರುತಿಸಿದೆ.

ಆತಂಕಗಳು ಕಣ್ಣಿಗೆ ಕಾಣುವಂಥವು. ಜೀಪುಗಳು ಮಣ್ಣುದಾರಿಯನ್ನು ಕೊರೆದು ಕಾಲುವೆ ಮಾಡಿವೆ. ಮಳೆನೀರು ಅದೇ ಕಾಲುವೆ ಹಿಡಿದು ಕೆಮ್ಮಣ್ಣು ಹೊತ್ತು ಇಳಿಯುತ್ತದೆ. ರಜೆದಿನಗಳ ಜನಜಂಗುಳಿ ಪ್ಲಾಸ್ಟಿಕ್ ಬಿಟ್ಟು ಹೋಗುತ್ತದೆ, ಕಾಲ್ತುಳಿತಕ್ಕೆ ಹುಲ್ಲು ಸವೆಯುತ್ತದೆ. ಬೇಸಿಗೆಯ ಕಾಳ್ಗಿಚ್ಚು ಶೋಲಾದ ಅಂಚನ್ನು ವರ್ಷವರ್ಷವೂ ಹಿಂದೆ ತಳ್ಳುತ್ತದೆ. ಕೊಲ್ಲೂರಿನಿಂದ ಬೆಟ್ಟಕ್ಕೆ ರೋಪ್‌ವೇ ಹಾಕುವ ಪ್ರಸ್ತಾವವೂ ಇದೆ. ವಯಸ್ಸಾದ ಭಕ್ತರಿಗೆ ಅನುಕೂಲವೆಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ನೆತ್ತಿ ಎಂಬುದು ಕೆಲವೇ ಎಕರೆಯ ಬೋಳು ಬೆನ್ನು. ದಿನಕ್ಕೆ ಎಷ್ಟು ಹೆಜ್ಜೆಗಳನ್ನು ಅದು ಹೊತ್ತೀತು ಎಂಬುದನ್ನು ಅಳೆದ ಮೇಲೆಯೇ ಅಂಥ ನಿರ್ಧಾರಕ್ಕೆ ಬರಬೇಕು.

ತಲುಪುವ ಬಗೆ

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ, ಸಂಪೆಕಟ್ಟೆ ಮಾರ್ಗವಾಗಿ ನಿಟ್ಟೂರು, ಕಟ್ಟಿನಹೊಳೆಗೆ ಹೋಗಬಹುದು. ಭದ್ರಾವತಿಯಿಂದ ಬರುವವರಿಗೆ ಇನ್ನು 20 ಕಿ.ಮೀ. ಹೆಚ್ಚು. ಬೆಟ್ಟದ ಮಣ್ಣುದಾರಿಗೆ ನಾಲ್ಕು ಚಕ್ರಗಳ ಚಾಲನೆಯ ಜೀಪು ಬೇಕು. ನಡೆಯುವವರಿಗೆ ಹಿಡ್ಲುಮನೆ ದಾರಿಯಿದೆ. ಅಕ್ಟೋಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಅರಣ್ಯ ಇಲಾಖೆಯ ನಿಯಮಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಸೂರ್ಯಾಸ್ತ ನೋಡಲೆಂದೇ ಬಹಳ ಮಂದಿ ಹತ್ತುತ್ತಾರೆ. ಸ್ವಲ್ಪ ಬೇಗ ಬಂದು ಚಿತ್ರಮೂಲದವರೆಗೆ ಇಳಿಯಬಲ್ಲವರು, ಬೇಸಿಗೆಯಲ್ಲೂ ಬಂಡೆಯಿಂದ ಜಿನುಗುವ ಆ ನೀರಿಗೆ ಒಮ್ಮೆ ಅಂಗೈ ಒಡ್ಡಬೇಕು. ಮರವಂತೆಯ ನದಿ ಅಲ್ಲಿ ಬೊಗಸೆಯಷ್ಟಿರುತ್ತದೆ.